ವೃದ್ಧಾಶ್ರಮಗಳ ದಿನಚರಿಯಲ್ಲಿ ಹಾಡಿಗೆ ಜಾಗ ಬೇಕು: ಮೈಸೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಸವಿನಯ ನಮಸ್ಕಾರಗಳು. ನಮ್ಮ ಜಿಲ್ಲೆಯ ವೃದ್ಧಾಶ್ರಮಗಳಲ್ಲಿ ಹಿರಿಯರಿಗೆ ಸ್ನಾನ ಮಾಡಿಸುವಾಗ, ಊಟ ಮಾಡಿಸುವಾಗ, ಮಲಗಿಸುವಾಗ ಅವರೊಂದಿಗೆ ಹಾಡುವುದನ್ನು ಆರೈಕೆಯ ಭಾಗವೆಂದು ಪರಿಗಣಿಸಿ, ಅದಕ್ಕೆ ತಕ್ಕ ತರಬೇತಿ ಮತ್ತು ಮಾರ್ಗಸೂಚಿಯನ್ನು ತಾವು ಜಾರಿಗೆ ತರಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಮೈಸೂರಿನಲ್ಲಿ ಸಂಗೀತ ಕಲಿಸುವವಳು. ಕೆಲವು ವರ್ಷಗಳಿಂದ ವೃದ್ಧಾಶ್ರಮಗಳಿಗೂ ಹೋಗಿ ಹಾಡುತ್ತಿದ್ದೇನೆ.

ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕಾಯ್ದೆಯ 19ನೇ ಕಲಮಿನಲ್ಲಿ, ವೃದ್ಧಾಶ್ರಮಗಳು ಒದಗಿಸಬೇಕಾದ ಸೇವೆಗಳ ಮಟ್ಟವನ್ನು ಸರ್ಕಾರ ಗೊತ್ತುಪಡಿಸಬಹುದೆಂದು ಹೇಳುವಾಗ ವೈದ್ಯಕೀಯ ಆರೈಕೆ ಮತ್ತು ಮನರಂಜನೆ ಎರಡನ್ನೂ ಒಟ್ಟಿಗೇ ಹೆಸರಿಸಲಾಗಿದೆ. ಆದರೆ ನಾನು ಕಂಡ ಕಡೆಗಳಲ್ಲಿ ಮನರಂಜನೆ ಎಂದರೆ ಬೆಳಗಿನಿಂದ ರಾತ್ರಿಯವರೆಗೆ ಯಾರೂ ನೋಡದೆ ಓಡುತ್ತಿರುವ ಟಿವಿ. ಇಲ್ಲವೇ ಯಾರದೋ ಹುಟ್ಟುಹಬ್ಬದ ದಿನ ಹಣ್ಣು ಹಂಚಿ, ಎರಡು ಭಜನೆ ಹಾಡಿ, ಫೋಟೋ ತೆಗೆಸಿಕೊಂಡು ಹೋಗುವ ಕಾರ್ಯಕ್ರಮ. ಹಾಗೆ ಬರುವವರ ಸದ್ಭಾವನೆಯ ಬಗ್ಗೆ ನನಗೆ ಗೌರವವಿದೆ. ನಾನು ಕೇಳುತ್ತಿರುವುದು ಮಾತ್ರ ಬೇರೆ.

ಮರೆವಿನ ಕಾಯಿಲೆ ಇರುವ ಹಿರಿಯರಿಗೆ ದಿನದ ಅತ್ಯಂತ ಕಷ್ಟದ ಹೊತ್ತು ಸ್ನಾನದ ಹೊತ್ತು. ಗುರುತು ಹತ್ತದ ಯಾರೋ ಬಂದು ಬಟ್ಟೆ ಬಿಚ್ಚುತ್ತಿದ್ದಾರೆ, ಮೈಮೇಲೆ ನೀರು ಸುರಿಯುತ್ತಿದ್ದಾರೆ ಎಂದೇ ಅವರಿಗೆ ತೋರುತ್ತದೆ; ಹೆದರಿ ಕೂಗುತ್ತಾರೆ, ಕೈ ತಳ್ಳುತ್ತಾರೆ, ಒಮ್ಮೊಮ್ಮೆ ಹೊಡೆಯುತ್ತಾರೆ. ಆಯಾಗಳು ಗದರುತ್ತಾರೆ. ನಂಜನಗೂಡು ಕಡೆಯ ಒಬ್ಬ ಅಜ್ಜಿ ಹೀಗೆ ದಿನವೂ ಅರಚುತ್ತಿದ್ದುದನ್ನು ನಾನು ಕೇಳಿದ್ದೆ. ಒಂದು ಬೆಳಗ್ಗೆ ಹೊಸದಾಗಿ ಸೇರಿದ್ದ ಆಯಾ ತನ್ನ ಪಾಡಿಗೆ ತಾನು ಸೋಬಾನೆ ಪದ ಹೇಳಿಕೊಳ್ಳುತ್ತಾ ನೀರು ಹೊಯ್ದಾಗ ಆ ಅಜ್ಜಿ ಸೊಲ್ಲು ಹಿಡಿದು ತಾವೂ ಹಾಡತೊಡಗಿದರು. ಕೈ ಎತ್ತಿ ಎಂದಾಗ ಎತ್ತಿದರು. ಸ್ವೀಡನ್‌ನಲ್ಲಿ ಎವಾ ಯೋಟೆಲ್ ಮತ್ತು ಸಂಗಡಿಗರು ಇದನ್ನೇ ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ್ದಾರೆ: ಬೆಳಗಿನ ಆರೈಕೆಯ ಹೊತ್ತಿನಲ್ಲಿ ಆರೈಕೆದಾರರು ಹಾಡಿದಾಗ ಅವರು ಬಾಯಿಬಿಟ್ಟು ಹೇಳಬೇಕಾದ ಸೂಚನೆಗಳು ಕಡಿಮೆಯಾದವು, ಮಾಡಬೇಕಾದದ್ದು ಹಿರಿಯರಿಗೆ ತಾನಾಗಿಯೇ ಹೆಚ್ಚು ತಿಳಿಯಿತು.

ಹಾಡಿನಿಂದ ಆಗುವುದೇನು, ಆಗದಿರುವುದೇನು ಎಂಬುದನ್ನೂ ತಮ್ಮ ಮುಂದೆ ಇಡಬೇಕು. ಈ ವಿಷಯದ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದ ಕಾಕ್ರೇನ್ ವಿಮರ್ಶೆಯ ಪ್ರಕಾರ ಸಂಗೀತದಿಂದ ಖಿನ್ನತೆಯ ಲಕ್ಷಣಗಳು ತಗ್ಗುವ ಸಾಧ್ಯತೆ ಇದೆ. ನೆನಪು ಮತ್ತು ಬುದ್ಧಿಶಕ್ತಿ ಮಾತ್ರ ಸುಧಾರಿಸುವುದಿಲ್ಲ. ಹಾಡು ಔಷಧಿಯ ಬದಲಿಗೆ ಬರುವಂಥದ್ದಲ್ಲ. ಆದರೆ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ, ಅಂದರೆ ಈ ಮರೆವಿನ ಕಾಯಿಲೆ, ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತಿರುವಾಗ, ಕಾಯಿಲೆ ವಾಸಿಯಾಗದವರ ಒಂದು ದಿನದ ಭಯವನ್ನಾದರೂ ತಗ್ಗಿಸುವ ದಾರಿಯನ್ನು ನಾವು ಸಣ್ಣದೆಂದು ತಳ್ಳಿಹಾಕಬಾರದು.

ಎಲ್ಲರಿಗೂ ಒಂದೇ ಹಾಡು ಹಾಕಿದರೆ ಮಾತ್ರ ಇದು ಫಲಿಸದು. ಮನುಷ್ಯನಿಗೆ ಹೆಚ್ಚು ಗಟ್ಟಿಯಾಗಿ ಉಳಿಯುವುದು ಹರೆಯದಲ್ಲಿ ಕೇಳಿದ ಹಾಡು, ಮತ್ತು ನಮ್ಮ ಜಿಲ್ಲೆಯಲ್ಲಿ ಆ ಹರೆಯಗಳು ಒಂದೇ ತೆರನಾಗಿರಲಿಲ್ಲ. ತಿರುಮಕೂಡಲು ನರಸೀಪುರದ ಗದ್ದೆಯಲ್ಲಿ ನಾಟಿ ಮಾಡಿದವರಿಗೆ ನಾಟಿ ಪದ, ಮಾದಪ್ಪನ ಒಕ್ಕಲಿನವರಿಗೆ ಕಂಸಾಳೆಯವರ ಕಥೆ, ಅಗ್ರಹಾರದಲ್ಲಿ ಬೆಳೆದವರಿಗೆ ದೇವರನಾಮ, ಮಂಡಿ ಮೊಹಲ್ಲಾದ ಹಿರಿಯರಿಗೆ ಕವ್ವಾಲಿ, ಚರ್ಚಿನ ಗಾಯನವೃಂದದಲ್ಲಿ ಹಾಡಿದವರಿಗೆ ಆ ಗೀತೆಗಳು, ಇನ್ನೆಷ್ಟೋ ಜನರಿಗೆ ರಾಜ್‌ಕುಮಾರ್ ಚಿತ್ರಗಳ ಹಾಡುಗಳು. ಕೆಲವು ಹಾಡುಗಳು ತೀರಿಹೋದ ಗಂಡನನ್ನೋ ಮಗುವನ್ನೋ ನೆನಪಿಸಿ ನೋಯಿಸುತ್ತವೆ; ಅಂಥ ಹಾಡು ಬಾರದಂತೆಯೂ ನೋಡಿಕೊಳ್ಳಬೇಕು. ಆದ್ದರಿಂದ ಆಶ್ರಮಕ್ಕೆ ಸೇರಿಸುವ ದಿನ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಬರೆದುಕೊಳ್ಳುವ ಅದೇ ಅರ್ಜಿಯಲ್ಲಿ, ಇವರು ಯಾವ ಹಾಡು ಹಾಡುತ್ತಿದ್ದರು, ಯಾವುದು ಬೇಡ ಎಂದು ಮನೆಯವರನ್ನು ಕೇಳಿ ಬರೆದುಕೊಳ್ಳುವ ಒಂದು ಕಲಂ ಇರಲಿ.

ಇದಕ್ಕೆ ಬೇಕಾದ ವಿದ್ಯೆಯ ಬಹುಭಾಗ ಆಶ್ರಮಗಳ ಒಳಗೇ ಇದೆ. ಎಚ್.ಡಿ.ಕೋಟೆ, ಮಳವಳ್ಳಿ, ಕೊಳ್ಳೇಗಾಲಗಳಿಂದ ಬಂದು ಕಡಿಮೆ ಸಂಬಳಕ್ಕೆ ಹಗಲಿರುಳು ದುಡಿಯುವ ಹೆಣ್ಣುಮಕ್ಕಳಿಗೆ ತಾಯಂದಿರಿಂದ ಬಂದ ಪದಗಳು ಬೇಕಾದಷ್ಟು ಗೊತ್ತು. ಮ್ಯಾನೇಜರ್ ಬಂದರೆ ಅವರು ಗಪ್ಪನೆ ಬಾಯಿ ಮುಚ್ಚುತ್ತಾರೆ, ಏಕೆಂದರೆ ಹಾಡುವುದು ಕೆಲಸಗಳ್ಳತನವೆಂದು ಅವರಿಗೆ ಹೇಳಿಕೊಡಲಾಗಿದೆ. ಹಾಡುವುದೂ ಕೆಲಸವೇ ಎಂದು ತಮ್ಮ ಕಚೇರಿಯ ಒಂದು ಸುತ್ತೋಲೆ ಹೇಳಿದರೆ ಅವರಿಗೆ ಎಷ್ಟೋ ಧೈರ್ಯ ಬರುತ್ತದೆ. ಆದರೆ ಒಬ್ಬಳೇ ಆಯಾ ಇಪ್ಪತ್ತು ಜನರನ್ನು ನೋಡಿಕೊಳ್ಳುವ ಕಡೆ ಹಾಡು ಮತ್ತೊಂದು ಹೊರೆಯಾದೀತು. ಸಿಬ್ಬಂದಿಯ ಸಂಖ್ಯೆಯನ್ನು ಪರಿಶೀಲಿಸದೆ ಈ ಸುತ್ತೋಲೆಯನ್ನು ಹೊರಡಿಸಬಾರದೆಂದೂ ನಾನು ಬೇಡುತ್ತೇನೆ.

ಉಳಿದ ನೆರವಿಗೆ ಮೈಸೂರಿನಷ್ಟು ಅನುಕೂಲವಾದ ಊರು ಅಪರೂಪ. ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ಮತ್ತು ಲಲಿತಕಲಾ ಕಾಲೇಜು ಇಲ್ಲಿವೆ. ಅಲ್ಲಿನ ವಿದ್ಯಾರ್ಥಿಗಳು ಆಶ್ರಮಗಳಲ್ಲಿ ವಾರಕ್ಕೊಮ್ಮೆ ಹಾಡುವುದನ್ನು ಅವರ ಪ್ರಾಯೋಗಿಕ ಕಲಿಕೆಗೆ ಸೇರಿಸಬಹುದು. ಬ್ರಿಟನ್ನಿನಲ್ಲಿ ಪಿಟೀಲು ವಿದ್ವಾಂಸ ಯೆಹುದಿ ಮೆನುಹಿನ್ 1977ರಲ್ಲಿ ಜೊತೆಗಾರರೊಂದಿಗೆ ಸ್ಥಾಪಿಸಿದ ಲೈವ್ ಮ್ಯೂಸಿಕ್ ನೌ ಸಂಸ್ಥೆ ಯುವ ಸಂಗೀತಗಾರರಿಗೆ ತರಬೇತಿ ಕೊಟ್ಟು ಇಂಥ ಕೆಲಸವನ್ನು ಮಾಡಿಸುತ್ತಾ ಬಂದಿದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಬಳಿಯೇ ಇರುವುದಂತೂ ದೊಡ್ಡ ಭಾಗ್ಯ. ಕಿವಿ ಮಂದವಾದವರಿಗೆ ಯಾವ ಹಾಡೂ ಬರಿಯ ಗದ್ದಲವೇ. ಮೊದಲು ಶ್ರವಣ ಪರೀಕ್ಷೆ ಆಗಬೇಕು. ಪಾರ್ಶ್ವವಾಯುವಿನಿಂದ ಮಾತು ನಿಂತವರಲ್ಲಿ ಕೆಲವರು ಮಾತನಾಡಲಾಗದಿದ್ದರೂ ಹಾಡಬಲ್ಲರು, ಆ ಸ್ವರದ ದಾರಿಯಿಂದಲೇ ಮಾತನ್ನು ಮರಳಿ ಕಲಿಸುವ ಚಿಕಿತ್ಸಾ ವಿಧಾನವೊಂದನ್ನು ಅಮೆರಿಕದ ತಜ್ಞರು 1973ರಲ್ಲೇ ರೂಪಿಸಿದ್ದಾರೆ. ಅಂಥವರನ್ನು ಗುರುತಿಸಿ ಸಂಸ್ಥೆಗೆ ಕಳುಹಿಸುವ ವ್ಯವಸ್ಥೆ ಆಶ್ರಮಗಳಲ್ಲಿ ಇರಬೇಕು.

ಈ ಸಂಸ್ಥೆಗಳ ಪ್ರತಿನಿಧಿಗಳನ್ನು, ವೃದ್ಧಾಶ್ರಮಗಳ ಮೇಲ್ವಿಚಾರಕರನ್ನು, ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಅಧಿಕಾರಿಗಳನ್ನು, ತಪ್ಪದೆ ಕೆಲವರು ಆಯಾಗಳನ್ನೂ ಒಂದು ಸಭೆಗೆ ಕರೆಯಿರಿ. ದಸರೆಯ ಕೆಲಸದ ಒತ್ತಡ ಆರಂಭವಾಗುವ ಮುನ್ನ ಆ ಸಭೆ ನಡೆದು, ಸರ್ಕಾರದ ಅನುದಾನ ಪಡೆಯುವ ಒಂದು ಆಶ್ರಮದಲ್ಲಾದರೂ ಆರು ತಿಂಗಳ ಪ್ರಯೋಗ ಶುರುವಾಗಲಿ. ಸ್ನಾನದ ಹೊತ್ತಿನ ಪ್ರತಿರೋಧ, ಊಟದ ಪ್ರಮಾಣ, ರಾತ್ರಿಯ ನಿದ್ದೆ ಇವುಗಳನ್ನು ಮೊದಲಿನಿಂದಲೇ ದಾಖಲಿಸಿದರೆ ಮುಂದಿನ ನಿರ್ಧಾರಕ್ಕೆ ತಮಗೆ ಆಧಾರ ಸಿಗುತ್ತದೆ. ಆಯಾಗಳ ತರಬೇತಿಗೆ ಯಾವ ಸಂಭಾವನೆಯೂ ಇಲ್ಲದೆ ಬರಲು ನಾನು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸಂಗೀತ ಶಿಕ್ಷಕಿ, ಮೈಸೂರು