ಉರಿ ಕಾಣದ ದಿನಗಳಲ್ಲೂ ಜೊತೆಗೆ ನಿಂತವರಿಗೆ

ಶಿವರಾತ್ರಿ ಕಳೆದ ವಾರದಲ್ಲಿ ನಮ್ಮ ಕಸದ ಗುಡ್ಡಕ್ಕೆ ಹತ್ತಿದ ಬೆಂಕಿಯ ಕೊನೆಯ ಹೊಗೆ ನಿಂತು ನಿನ್ನೆಗೆ 90 ದಿನ ತುಂಬಿತು. ಮುಂಗಾರಿನ ಮೊದಲ ಜೋರು ಮಳೆಯೂ ಬಂದು ಹೋಯಿತು. ಗುಡ್ಡದ ಯಾವ ಮೂಲೆಯಿಂದಲೂ ಆವಿ ಏಳಲಿಲ್ಲ. ಒಳಗೆ ಕಾವು ಉಳಿದಿದ್ದರೆ ಮಳೆನೀರು ಇಳಿದ ಕೂಡಲೇ ಅದು ಗೊತ್ತಾಗುತ್ತದೆ. ಆದ್ದರಿಂದ ಒಂದು ಮಳೆಯನ್ನು ನೋಡಿಕೊಂಡೇ ಬರೆಯಬೇಕೆಂದು ಇಷ್ಟು ದಿನ ಕಾದೆ. ಈಗ ಧೈರ್ಯವಾಗಿ ಹೇಳಬಹುದು: ಬೆಂಕಿ ಆರಿದೆ. ಆರಿಸಿದವರ ಋಣ ನನ್ನ ಮೇಲಿದೆ.

ಬೆಂಗಳೂರಿನ ಉತ್ತರದ ಅಂಚಿನಲ್ಲಿ, ಹಿಂದೆ ಕಲ್ಲುಕ್ವಾರಿಯಾಗಿದ್ದ ಈ ಜಾಗಕ್ಕೆ ನಾನು ಸೈಟ್ ಎಂಜಿನಿಯರ್ ಆಗಿ ಬಂದಾಗ ಇಲ್ಲಿಗೆ ಹೊಸ ಕಸ ಬರುವುದು ನಿಂತು ಕೆಲವು ವರ್ಷಗಳಾಗಿದ್ದವು. ನಿಂತಿದ್ದು ಲಾರಿಗಳು ಮಾತ್ರ. ಒಳಗಿನ ಕಸ ತನ್ನ ಕೆಲಸವನ್ನು ನಿಲ್ಲಿಸಿರಲಿಲ್ಲ. ಹಸಿ ಕಸ ಗಾಳಿಯಿಲ್ಲದೆ ಕೊಳೆಯುತ್ತ ಮೀಥೇನ್ ಬಿಡುತ್ತದೆ, ಆ ಅನಿಲ ಗಾಳಿಯಲ್ಲಿ ಶೇಕಡಾ 5ರಿಂದ 15ರಷ್ಟು ಬೆರೆತಿರುವ ಕಡೆ ಒಂದು ಕಿಡಿ ಬಿದ್ದರೆ ಸಾಕು. ಮೇಲೆ ಉರಿಯುವ ಬೆಂಕಿ ಕಣ್ಣಿಗೆ ಕಾಣುತ್ತದೆ, ನೀರಿಗೆ ಬಗ್ಗುತ್ತದೆ. ಆದರೆ ಬಿರುಕುಗಳಲ್ಲಿ ಗಾಳಿ ನುಗ್ಗಿ ಹಲವು ಅಡಿ ಕೆಳಗೆ ಕನಲತೊಡಗಿದ ಬೆಂಕಿಗೆ ಜ್ವಾಲೆಯೇ ಇರುವುದಿಲ್ಲ. ಬೂದಿ ಮುಚ್ಚಿದ ಕೆಂಡ ಎನ್ನುವ ಮಾತನ್ನು ನಾವು ಮನುಷ್ಯರ ಸಿಟ್ಟಿಗೆ ಬಳಸುತ್ತೇವೆ. ನಾನು ಅದನ್ನು ಅಕ್ಷರಶಃ ಕಂಡದ್ದು ಇಲ್ಲಿ.

ಮೊದಲ ಮೂರು ದಿನ ನಾನು ಕೇಳಿದ್ದು ನೀರು, ಇನ್ನಷ್ಟು ನೀರು. ಟ್ಯಾಂಕರ್‌ಗಳು ಸಾಲುಗಟ್ಟಿ ಬಂದವು. ಮೂರನೆಯ ದಿನ ಸಂಜೆಗೆ ಉರಿ ಅಡಗಿತು, ನಾವೆಲ್ಲ ನಿಟ್ಟುಸಿರು ಬಿಟ್ಟೆವು, ರಾತ್ರಿ ಎರಡು ಗಂಟೆಗೆ ಅದೇ ಇಳಿಜಾರು ನೂರು ಅಡಿ ಆಚೆ ಮತ್ತೆ ಹೊತ್ತಿಕೊಂಡಿತು. ಆಗ ಅಗ್ನಿಶಾಮಕ ಠಾಣಾಧಿಕಾರಿಯವರು ನನ್ನನ್ನು ಗುಡ್ಡದ ಬುಡಕ್ಕೆ ಕರೆದುಕೊಂಡು ಹೋಗಿ, ಕಸದ ಅಡಿಯಿಂದ ಹರಿದು ಬರುತ್ತಿದ್ದ ಕಪ್ಪು ನೀರಿನ ಮೇಲೆ ಟಾರ್ಚ್ ಬಿಟ್ಟರು. "ನೋಡಿ ಸಾರ್, ನಾವು ಮೇಲೆ ಹಾಕಿದ ನೀರೆಲ್ಲ ಇಲ್ಲಿ ಬರ್ತಾ ಇದೆ. ತಣ್ಣಗೇ ಬರ್ತಾ ಇದೆ. ಅಂದ್ರೆ ಅದು ಬೆಂಕೀನ ಮುಟ್ಟೇ ಇಲ್ಲ," ಎಂದರು. ನಾನು ಬಗ್ಗಿ ಕೈಯಿಟ್ಟು ನೋಡಿದೆ. ನಿಜವಾಗಿಯೂ ತಣ್ಣಗಿತ್ತು. ಹಾಸುಹಾಸಾಗಿ ಕೂತಿದ್ದ ಪ್ಲಾಸ್ಟಿಕ್ ಕವರುಗಳ ಮೇಲೆ ನೀರು ಜಾರಿ, ಸಿಕ್ಕ ಸಂದಿನಲ್ಲಿ ಇಳಿದು, ಕೆಂಡವನ್ನು ಬಳಸಿಕೊಂಡು ಹೊರಗೆ ಬಂದಿತ್ತು. ಓದಿನಲ್ಲಿ ನನಗೆ ಇದು ಗೊತ್ತಿರಲಿಲ್ಲವೆಂದಲ್ಲ. ಹೊಗೆಯ ನಡುವೆ ನಿಂತಾಗ ಮರೆತಿದ್ದೆ. ಆ ರಾತ್ರಿ ಅವರು ನನ್ನನ್ನು ಗದರಿಸದೆ ಕೈಹಿಡಿದು ತೋರಿಸಿದರು. ಈ ಬರಹದ ಮೊದಲ ನಮಸ್ಕಾರ ಅವರಿಗೆ.

2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯಂಗಳ ಹೊತ್ತಿ ಉರಿದಾಗ ಅವರು ಸೈನಿಕರ ಪಕ್ಕದಲ್ಲಿ ನಿಂತು ಕೆಲಸ ಮಾಡಿದವರು. 2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರಂನಲ್ಲಿ ಪ್ಲಾಸ್ಟಿಕ್ ರಾಶಿಗೆ ಬೆಂಕಿ ಬಿದ್ದು ಹನ್ನೆರಡು ದಿನಗಳಷ್ಟು ಕಾಲ ನಗರವನ್ನು ಹೊಗೆ ಕವಿದಾಗ, ಅಲ್ಲಿ ಯಂತ್ರಗಳಿಂದ ಕಸವನ್ನು ಪದರಪದರವಾಗಿ ಬಗೆದು ನೀರುಣಿಸಿದ ರೀತಿಯನ್ನೂ ಅವರು ಗಮನವಿಟ್ಟು ಅಭ್ಯಾಸ ಮಾಡಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ನಾವು ದಾರಿ ಬದಲಿಸಿದೆವು. ಬೆಂಕಿ ಇರುವ ಭಾಗ ಮತ್ತು ಇಲ್ಲದ ಭಾಗದ ನಡುವೆ ಕಂದಕ ತೋಡಿ ಮಣ್ಣು ತುಂಬುವುದು. ಆಮೇಲೆ ಬಿಸಿ ಕಸವನ್ನು ಸ್ವಲ್ಪಸ್ವಲ್ಪವೇ ಎತ್ತಿ, ಮಣ್ಣು ಹಾಸಿದ ಸಮತಟ್ಟಿನ ಮೇಲೆ ತೆಳುವಾಗಿ ಹರಡಿ, ಅಲ್ಲಿ ನೀರು ಹಾಕಿ ಆರಿಸುವುದು. ತೆರೆದ ಬಾಯನ್ನು ಕೂಡಲೇ ಮಣ್ಣಿನಿಂದ ಮುಚ್ಚುವುದು. ಒಮ್ಮೆಗೇ ಹೆಚ್ಚು ಅಗೆದರೆ ಗಾಳಿ ಒಳಹೊಕ್ಕು ಕೆಂಡ ಉರಿಯಾಗುತ್ತದೆ. ಹಾಗಾಗಿ ಈ ಕೆಲಸದಲ್ಲಿ ಆತುರಕ್ಕೆ ಜಾಗವೇ ಇಲ್ಲ.

ಆ ಕಂದಕವನ್ನು ತೋಡಿದವರು ಹಿಟಾಚಿ ಆಪರೇಟರ್‌ಗಳು. ಒಬ್ಬರು ಗದಗದ ಕಡೆಯವರು, ಇನ್ನೊಬ್ಬರು ಕೋಲಾರದ ಕಡೆಯವರು. ಕನಲುವ ಕಸದ ಅಡಿಯಲ್ಲಿ ಸುಟ್ಟು ಟೊಳ್ಳಾದ ಪೊಟರೆಗಳಿರುತ್ತವೆ; ಮೇಲೆ ಗಟ್ಟಿ ನೆಲದಂತೆ ಕಂಡರೂ ಇಪ್ಪತ್ತು ಟನ್ ಯಂತ್ರ ಹತ್ತಿದರೆ ಕುಸಿದುಹೋಗಬಹುದು. ಅವರು ಪ್ರತಿ ಹೆಜ್ಜೆಗೂ ಮುಂದೆ ಮಣ್ಣು ಹಾಕಿಸಿಕೊಂಡು, ಬಕೆಟ್‌ನಿಂದ ನೆಲವನ್ನು ಒತ್ತಿ ನೋಡಿ, ಆಮೇಲೆ ಯಂತ್ರವನ್ನು ಮುಂದಕ್ಕೆ ಸರಿಸುತ್ತಿದ್ದರು. ಆರನೆಯ ದಿನ ಗದಗದ ಅಣ್ಣ ಬಕೆಟ್ ಎತ್ತಿದಾಗ ಅದರೊಳಗಿನ ಕಸ ಮೊದಲು ಕಪ್ಪಗಿತ್ತು. ಗಾಳಿ ತಾಗಿ ಎರಡು ಉಸಿರು ಎಳೆಯುವಷ್ಟರಲ್ಲಿ ಅಂಚುಗಳು ಕೆಂಪಾಗಿ, ನಡುವೆ ನಿಗಿನಿಗಿ ಹೊಳೆದು, ಕರಗಿದ ಪ್ಲಾಸ್ಟಿಕ್ ಹಲ್ಲುಗಳ ಸಂದಿನಿಂದ ಎಳೆಯೆಳೆಯಾಗಿ ತೊಟ್ಟಿಕ್ಕಿತು. ಅವರು ಬಕೆಟ್ಟನ್ನು ಅಲುಗಾಡಿಸದೆ ನೀರಿನವರಿಗಾಗಿ ಹಾಗೆಯೇ ಹಿಡಿದು ಕಾದರು. "ಸರ, ಇದು ಕಸ ಅಲ್ರೀ, ಕುಲುಮಿ ಐತಿ," ಎಂದು ಕ್ಯಾಬಿನ್ನಿನಿಂದ ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಕ್ಯಾಬಿನ್ನಿನ ಗಾಜು ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಗ್ಯಾಸ್ ಮೀಟರ್ ಕೂಗಿದ ತಕ್ಷಣ ಇಳಿದು ಗಾಳಿ ಬರುವ ಕಡೆಗೆ ನಡೆಯಬೇಕೆಂಬ ನಿಯಮವನ್ನು ಇಬ್ಬರೂ ಒಮ್ಮೆಯೂ ಮುರಿಯಲಿಲ್ಲ, ಇತರರು ಮುರಿಯಲೂ ಬಿಡಲಿಲ್ಲ. ಹತ್ತೊಂಬತ್ತು ದಿನಗಳಲ್ಲಿ ಒಬ್ಬರಿಗೂ ದೊಡ್ಡ ಗಾಯವಾಗದೆ ಎಲ್ಲರೂ ಮನೆಗೆ ಮರಳಿದ್ದಕ್ಕೆ ಈ ಶಿಸ್ತೇ ಕಾರಣ.

ಇನ್ನು ಒಬ್ಬರ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಬರೆಯಬೇಕು. ಗುಡ್ಡಕ್ಕೆ ಕಸ ಬರುತ್ತಿದ್ದ ಕಾಲದಲ್ಲಿ ಇಲ್ಲಿ ಪ್ಲಾಸ್ಟಿಕ್, ಕಬ್ಬಿಣ ಆಯ್ದು ಬದುಕುತ್ತಿದ್ದ ಅಕ್ಕ ಅವರು. ಒಂಬತ್ತನೆಯ ದಿನ ನಾವು ಪೂರ್ವದ ಮೂಲೆಯಲ್ಲಿ ದಿಕ್ಕು ತೋಚದೆ ನಿಂತಿದ್ದೆವು. ಥರ್ಮಲ್ ಕ್ಯಾಮೆರಾ ಮೇಲ್ಮೈಯ ಬಿಸಿಯನ್ನು ತೋರಿಸುತ್ತದೆ, ಒಳಗೆ ಏನಿದೆಯೆಂದು ಹೇಳುವುದಿಲ್ಲ. ಯಾವ ಕಸ ಯಾವ ವರ್ಷ ಎಲ್ಲಿ ಬಿತ್ತೆಂಬ ದಾಖಲೆ ನಮ್ಮ ಕಚೇರಿಯಲ್ಲಿ ಇರಲಿಲ್ಲ. ಅಕ್ಕ ಗೇಟಿನ ಹತ್ತಿರ ಬಂದು, ಕರೆಯುವವರೆಗೂ ಕಾಯದೆ, "ಆ ಹಳೇ ತೂಕದ ಮನೆಯಿಂದ ಇತ್ಲಾಗೆ ಬರೀ ಎಳನೀರು ಬುರುಡೆ ಸಾರ್. ಎರಡು ಬೇಸಿಗೆ ಪೂರ್ತಿ ಅಲ್ಲೇ ಸುರಿದ್ರು. ಅದರ ಮೇಲೆ ಹಾಸಿಗೆ, ದಿಂಬು," ಎಂದರು. ಬೆಂಗಳೂರಿನ ಬೇಸಿಗೆ ಎಷ್ಟು ಎಳನೀರು ಕುಡಿಯುತ್ತದೆಂದು ಎಲ್ಲರಿಗೂ ಗೊತ್ತು. ಆ ಬುರುಡೆಗಳು ಎಲ್ಲಿಗೆ ಹೋಗುತ್ತವೆಂದು ಯೋಚಿಸಿದವರು ಕಡಿಮೆ. ಒಣಗಿದ ಬುರುಡೆ, ತೆಂಗಿನ ನಾರು, ಹಾಸಿಗೆಯ ಹತ್ತಿ, ಇವುಗಳ ನಡುವೆ ಗಾಳಿಯಾಡಲು ಬೇಕಾದಷ್ಟು ಜಾಗವಿರುತ್ತದೆ. ಬೆಂಕಿ ಆ ಪಟ್ಟಿಯನ್ನು ಹಿಡಿದುಕೊಂಡೇ ನಡೆಯುತ್ತಿತ್ತು. ಅಕ್ಕ ಕೋಲಿನಿಂದ ಗೆರೆ ಎಳೆದು ತೋರಿಸಿದ ಕಡೆ ಎರಡನೆಯ ಕಂದಕ ತೋಡಿದೆವು. ಹತ್ತು ಅಡಿ ಕೆಳಗೆ ಬುರುಡೆ ಸಿಕ್ಕವು, ಒಂದು ಬದಿ ಕರಿ, ಇನ್ನೊಂದು ಬದಿ ಇನ್ನೂ ಕಂದು. ಬೆಂಕಿಯ ಮುಖಕ್ಕೆ ಸರಿಯಾಗಿ ಅಡ್ಡ ಹೋಗಿದ್ದೆವು. ಅಲ್ಲಿಂದ ಮುಂದೆ ಅದು ಒಂದು ಗೇಣೂ ಸರಿಯಲಿಲ್ಲ. ಅಕ್ಕನ ಹೆಸರು ಯಾವ ವರದಿಯಲ್ಲೂ ಬಂದಿಲ್ಲ, ಅವರೂ ಬೇಡ ಅಂದಿದ್ದಾರೆ. ಕೊನೆಯವರೆಗೆ ಅವರನ್ನು ದಿನಗೂಲಿಯ ಮೇಲೆ ದಾರಿ ತೋರಿಸುವವರಾಗಿ ಇಟ್ಟುಕೊಂಡೆವು; ಅದು ಉಪಕಾರವಲ್ಲ, ಕೆಲಸಕ್ಕೆ ಸಂಬಳ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಮನೆಮನೆಗೆ ಹೋಗಿ ಉಬ್ಬಸದವರ, ಬಾಣಂತಿಯರ, ಹಸುಗೂಸುಗಳ ಪಟ್ಟಿ ಮಾಡಿ ಗಾಳಿ ತಿರುಗುವ ಮೊದಲೇ ಅವರನ್ನು ನೆಂಟರ ಮನೆಗಳಿಗೆ ಕಳುಹಿಸಿದ ಆಶಾ ಕಾರ್ಯಕರ್ತೆಯರು, ಎರಡು ವಾರ ಮಕ್ಕಳನ್ನು ಪಕ್ಕದೂರಿನ ಶಾಲೆಯಲ್ಲಿ ಕೂರಿಸಿ ಪಾಠ ಮಾಡಿದ ಮೇಷ್ಟ್ರುಗಳು, ಎಲ್ಲರಿಗೂ ನಾನು ಋಣಿ. ಊರಿನ ಹುಡುಗರು ಉದ್ದನೆಯ ಬಿದಿರಿಗೆ ಹಳೆಯ ಪಂಚೆಯೊಂದನ್ನು ಕಟ್ಟಿ ಗೇಟಿನ ಪಕ್ಕ ನೆಟ್ಟಿದ್ದರು. ಗಾಳಿ ಯಾವ ಕಡೆಗಿದೆ, ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನು ನಾವೆಲ್ಲ ಆ ಪಂಚೆಯನ್ನು ನೋಡಿಯೇ ತಿಳಿಯುತ್ತಿದ್ದೆವು.

ಆದರೆ ಊರಿನವರಿಗೆ ಧನ್ಯವಾದ ಹೇಳುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ, ಏಕೆಂದರೆ ನಮಗೆ ಸಹಾಯ ಮಾಡಬೇಕಾದ ಯಾವ ಋಣವೂ ಅವರ ಮೇಲಿರಲಿಲ್ಲ. 2012ರಲ್ಲಿ ಬೆಂಗಳೂರಿನ ಹೊರವಲಯದ ಮಾವಳ್ಳಿಪುರಕ್ಕೆ ನಗರದ ಕಸ ಹೋಗುವುದು ನಿಂತಾಗ ಲಾರಿಗಳು ಇನ್ನೊಂದು ಅಂಚಿನ ಹಳ್ಳಿಯಾದ ಮಂಡೂರಿನ ಕಡೆ ತಿರುಗಿದವು. 2014ರಲ್ಲಿ ಮಂಡೂರಿನವರು ಬೀದಿಗಿಳಿದು, ಆ ವರ್ಷದ ಕೊನೆಗೆ ಅಲ್ಲಿಯೂ ನಿಂತಾಗ ನಗರದ ಕಸ ಬೇರೆ ಊರುಗಳನ್ನು ಹುಡುಕಿಕೊಂಡು ಹೋಯಿತು. ಈ ಊರಿನ ಕೊಳವೆಬಾವಿಗಳ ನೀರು ಕೆಟ್ಟದ್ದೂ, ನೊಣಗಳ ಕಾಟದಲ್ಲಿ ಮದುವೆ ಊಟಗಳನ್ನು ಬೇರೆಡೆಗೆ ಒಯ್ದದ್ದೂ ಅದೇ ಕಥೆಯ ಮುಂದುವರಿಕೆ. ದಿನದ ಕೆಲಸ ಮುಗಿದ ಮೇಲೆ ಕಸದ ಮೇಲೆ ಕನಿಷ್ಠ 10 ಸೆಂಟಿಮೀಟರ್ ಮಣ್ಣು ಹಾಕಬೇಕೆಂದು, ಮಳೆಗಾಲಕ್ಕೆ ಮೊದಲು 40ರಿಂದ 65 ಸೆಂಟಿಮೀಟರ್ ಹೊದಿಕೆ ಇರಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಮಗಿಂತ ಮೊದಲು ಈ ಜಾಗವನ್ನು ನೋಡಿಕೊಂಡವರು ಅದನ್ನು ಪಾಲಿಸಿದ್ದರೆ ನಾವು ಅಗೆದ ಕಡೆಗಳಲ್ಲಿ ಕಸದ ನಡುವೆ ಮಣ್ಣಿನ ಪದರಗಳು ಕಾಣಬೇಕಿತ್ತು. ಕಾಣಲಿಲ್ಲ. ಆ ಮಣ್ಣು ಇದ್ದಿದ್ದರೆ ಬೆಂಕಿ ಇಷ್ಟು ದೂರ ನಡೆಯುತ್ತಿರಲಿಲ್ಲ. ಇದನ್ನು ಬರೆಯದೆ ಧನ್ಯವಾದ ಮಾತ್ರ ಹೇಳಿದರೆ ಊರಿನವರಿಗೆ ಅನ್ಯಾಯವಾಗುತ್ತದೆ.

ಕಂದಕ ತುಂಬಲು, ಗುಡ್ಡ ಹೊದಿಸಲು ನೂರಾರು ಲೋಡು ಮಣ್ಣು ಬೇಕಾಗಿತ್ತು, ಅದೂ ಗಾಳಿ ಬಿಡದ ಜಿಗುಟು ಮಣ್ಣು. ಹತ್ತಿರದಲ್ಲಿ ಇದ್ದದ್ದು ಊರಿನ ಕೆರೆಯ ಗೋಡು ಮಾತ್ರ. ಬೇಸಿಗೆಯಲ್ಲಿ ತೆಗೆದು ರಾಗಿ ಹೊಲಗಳಿಗೆ ಹೊಡೆಸಲೆಂದು ರೈತರು ಆಗಲೇ ಮಾತಾಡಿಕೊಂಡು, ಮನೆಮನೆಗೆ ಲೆಕ್ಕ ಹಾಕಿ ಇಟ್ಟಿದ್ದ ಗೋಡು ಅದು. ನಾನು ಪಂಚಾಯಿತಿ ಕಟ್ಟೆಯ ಮುಂದೆ ನಿಂತು ಕೇಳಿದಾಗ ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಹಿರಿಯರೊಬ್ಬರು, "ನಿಮ್ಮ ಕಸಕ್ಕೆ ನಮ್ಮ ಹೊಲದ ಗೊಬ್ಬರ ಕೇಳ್ತಾ ಇದ್ದೀರಾ. ತಗೊಳ್ಳಿ. ಆದ್ರೆ ಲೆಕ್ಕ ಬರೆದಿಟ್ಕೊಳ್ಳಿ," ಎಂದರು. ಅಂದು ಸಂಜೆಯಿಂದಲೇ ಟಿಪ್ಪರ್‌ಗಳು ಓಡಿದವು. ಹೆದ್ದಾರಿಯ ಸುತ್ತು ತಪ್ಪಲೆಂದು ಇಬ್ಬರು ತಮ್ಮ ಹೊಲದ ಬದು ಒಡೆದು ದಾರಿ ಬಿಟ್ಟರು. ಇನ್ನೊಬ್ಬರು ತಮ್ಮ ಟ್ರ್ಯಾಕ್ಟರ್ ತಂದು, ಗುಡ್ಡದ ಬುಡದಿಂದ ಹರಿಯುತ್ತಿದ್ದ ಕಪ್ಪು ನೀರು ಕೆರೆಗೆ ಸೇರದಂತೆ ಒಂದೇ ರಾತ್ರಿಯಲ್ಲಿ ಏರಿ ಕಟ್ಟಿಕೊಟ್ಟರು. ಆ ಏರಿ ಇಲ್ಲದಿದ್ದರೆ ಬೆಂಕಿ ಆರಿಸುವ ಹೆಸರಿನಲ್ಲಿ ನಾವೇ ಕೆರೆಯನ್ನು ಕೆಡಿಸುತ್ತಿದ್ದೆವು.

ಹತ್ತೊಂಬತ್ತನೆಯ ದಿನ ಹೊಗೆ ನಿಂತಿತು. ಕ್ಯಾಮೆರಾಗಳು ಹೋದವು, ಹೆಚ್ಚುವರಿ ವಾಹನಗಳು ಹೋದವು, ಹೋಗಬೇಕಾದದ್ದೇ. ನಿಜವಾದ ಕಾವಲು ಆಮೇಲೆ ಶುರುವಾಯಿತು. ಅಗ್ನಿಶಾಮಕ ಠಾಣೆಯ ಇಬ್ಬರು, ನಮ್ಮ ಸೈಟಿನ ಮೂವರು ಪ್ರತಿದಿನ ನಸುಕಿನಲ್ಲಿ, ತಂಪಿನಲ್ಲಿ ಆವಿ ಚೆನ್ನಾಗಿ ಕಾಣುವ ಹೊತ್ತಿನಲ್ಲಿ ಇಡೀ ಗುಡ್ಡವನ್ನು ಸುತ್ತಿದರು. ಗುರುತು ಹಾಕಿದ ಜಾಗಗಳಲ್ಲಿ ಕಬ್ಬಿಣದ ಸರಳು ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು, ತುದಿಯ ಬಿಸಿಯನ್ನು ಅಳೆದು ಪುಸ್ತಕದಲ್ಲಿ ಬರೆದರು. ಬಿರುಕು ಕಂಡಲ್ಲಿ ಗೋಡು ಮೆತ್ತಿದರು. ಯುಗಾದಿಯ ಬೆಳಿಗ್ಗೆಯೂ ಸುತ್ತು ತಪ್ಪಲಿಲ್ಲ. ಆ ದಿನ ಊರಿನ ನಾಲ್ಕು ಮನೆಗಳಿಂದ ಬೇವು ಬೆಲ್ಲ, ಒಬ್ಬಟ್ಟು ಗುಡ್ಡದ ಬುಡಕ್ಕೇ ಬಂದವು. ಕಳಿಸಿದವರಲ್ಲಿ ಇಬ್ಬರು ನನ್ನ ಜೊತೆ ಪಂಚಾಯಿತಿ ಕಟ್ಟೆಯಲ್ಲಿ ಮಾತು ಬಿಟ್ಟವರು. ಅಷ್ಟು ವರ್ಷಗಳಲ್ಲಿ ಈ ಗೇಟಿನೊಳಗೆ ಊರಿನಿಂದ ಊಟ ಬಂದದ್ದು ಅದೇ ಮೊದಲೆಂದು ನಮ್ಮ ವಾಚ್‌ಮನ್ ತಾತ ಹೇಳಿದರು. ಉರಿಯ ಮುಂದೆ ನಿಂತವರಿಗೆ ಎಷ್ಟು ಋಣಿಯೋ, ನೋಡಲು ಏನೂ ಇಲ್ಲದ ಈ ತೊಂಬತ್ತು ನಸುಕುಗಳಲ್ಲಿ ನಡೆದ ಐವರಿಗೂ ನಾನು ಅಷ್ಟೇ ಋಣಿ.

ಹಿರಿಯರು ಹೇಳಿದಂತೆ ಗೋಡಿನ ಲೆಕ್ಕ ಬರೆದಿಟ್ಟಿದ್ದೇನೆ. ನಗರದ ಬೇರೆ ಕೆರೆಗಳ ಹೂಳೆತ್ತುವ ಕಡೆಯಿಂದ ಅನುಮತಿ ಪಡೆದು ತಂದ ಗೋಡು ಈ ತಿಂಗಳು ಇಪ್ಪತ್ತಾರು ಮನೆಗಳ ಹೊಲ ಸೇರಿದೆ. ಇನ್ನು ಹದಿನೇಳು ಮನೆಗಳದ್ದು ಬಾಕಿಯಿದೆ. ಪಟ್ಟಿ ನನ್ನ ಮೇಜಿನ ಮೇಲಿದೆ, ರಾಗಿ ಬಿತ್ತನೆಗೆ ಮೊದಲು ಆ ಲೋಡುಗಳೂ ಬರುತ್ತವೆ.