ಯಾರೂ ಎತ್ತದ ಊರಿನಿಂದ

ಲಂಡನ್,
ಮೇ 18

ಪ್ರೀತಿಯ ಅಮ್ಮನಿಗೆ,

ನಾನು ಆರಾಮಾಗಿದ್ದೇನೆ. ಅಪ್ಪನಿಗೂ ಹೇಳು. ಹೊರಡುವ ದಿನ ಕೇಳಿದ್ದೆಯಲ್ಲ, "ಅಲ್ಲಿ ನಿನ್ನನ್ನು ಯಾರು ಎತ್ತಿ ಇಳಿಸ್ತಾರೆ?" ಅಂತ. ಯಾರೂ ಇಲ್ಲ ಅಮ್ಮ. ನಮ್ಮೂರಲ್ಲಾದರೆ ಮೆಟ್ಟಿಲ ಮುಂದೆ ನಿಂತರೆ ಸಾಕು, ನಾಲ್ಕು ಜನ ಓಡಿ ಬಂದು ಗಾಲಿಕುರ್ಚಿ ಸಮೇತ ಎತ್ತಿಬಿಡುತ್ತಾರೆ, ನನ್ನನ್ನು ಕೇಳುವುದೂ ಇಲ್ಲ. ಇಲ್ಲಿ ರ‍್ಯಾಂಪ್ ಇದ್ದರೆ ನಾನೇ ಹೋಗುತ್ತೇನೆ. ಇಲ್ಲದಿದ್ದರೆ ಹೊರಗೇ.

ಬಸ್ಸು ನನಗೆ ತುಂಬಾ ಇಷ್ಟವಾಯಿತು. ನಡುವಿನ ಬಾಗಿಲ ಹತ್ತಿರ ನೀಲಿ ಗುಂಡಿ ಒತ್ತಿದರೆ ರ‍್ಯಾಂಪ್ ಹೊರಗೆ ಬರುತ್ತದೆ. ಗಾಲಿಕುರ್ಚಿಯವರಿಗೆ ಟಿಕೆಟ್ಟೂ ಬೇಕಿಲ್ಲ. ಆದರೆ ಒಂದು ಬಸ್ಸಿಗೆ ಒಂದೇ ಕುರ್ಚಿಯ ಜಾಗ. ಅಲ್ಲಿ ಮಗುವಿನ ಗಾಡಿ ನಿಂತಿದ್ದರೆ ಕಷ್ಟ. ಈ ಜಗಳ ಇಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಗಾಡಿ ಸರಿಸಿ ಅಂತ ಸುಮ್ನೆ ಒಂದು ಸಲ ಕೇಳಿ ಚಾಲಕರು ಕೈಬಿಡಬಾರದು ಅಂತ 2017ರಲ್ಲಿ ತೀರ್ಪಾಯಿತು. ಆದರೂ ಮೊನ್ನೆ ತೊಟ್ಟಿಲಲ್ಲಿದ್ದಂತೆ ಮಲಗಿದ್ದ ಕೂಸನ್ನು ನೋಡಿ ನಾನೇ ಬಸ್ಸು ಬಿಟ್ಟೆ.

ಸುರಂಗ ರೈಲು 1863ರದ್ದು. 272 ನಿಲ್ದಾಣಗಳಲ್ಲಿ ಮೂರನೇ ಒಂದು ಭಾಗದಷ್ಟಕ್ಕೆ ಮಾತ್ರ ಮೆಟ್ಟಿಲಿಲ್ಲದ ದಾರಿ. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ಅನ್ನೋ ಬೇರೆ ರೈಲು ಮಾರ್ಗದಲ್ಲಿ ಎಲ್ಲ ನಿಲ್ದಾಣಕ್ಕೂ ಇದೆ. ಹಾಗಾಗಿ ರಾತ್ರಿಯೇ ನಕ್ಷೆ ಹಿಡಿದು ಕೂರುತ್ತೇನೆ.

ನೀರು ಕಡಿಮೆ ಕುಡಿಯುತ್ತಿದ್ದೇನೆ, ಬೈಯಬೇಡ. ಹೋದ ವಾರ ಇಲ್ಲಿನ ಗೆಳತಿ ಊಟಕ್ಕೆ ಕರೆದುಕೊಂಡು ಹೋದ ಹೋಟೆಲಲ್ಲಿ ಶೌಚಾಲಯ ನೆಲಮಾಳಿಗೆಯಲ್ಲಿತ್ತು. ಹದಿನಾಲ್ಕು ಮೆಟ್ಟಿಲು. ಊಟ ಅರ್ಧಕ್ಕೇ ಬಿಟ್ಟು ಹೊರಟೆವು. ಆಮೇಲೆ ಅವಳೇ ಒಂದು ದಪ್ಪ ಕೀಲಿಕೈ ಕೊಡಿಸಿದಳು. ದೇಶದ ತುಂಬ ಅಂಗವಿಕಲರಿಗಾಗಿ ಬೀಗ ಹಾಕಿಟ್ಟ ಸಾವಿರಾರು ಶೌಚಾಲಯಗಳಿಗೆ ಅದೊಂದೇ ಕೀಲಿ. 1981ರಿಂದ ನಡೆಯುತ್ತಿದೆಯಂತೆ. ಈಗ ಅದು ತಾಳಿಯ ಹಾಗೆ ಕೊರಳಲ್ಲೇ ಇದೆ!

ನಿನ್ನೆ ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆ ನೋಡಿದೆ. 2015ರಲ್ಲಿ ನಿಲ್ಲಿಸಿದ್ದು. ಅದರ ಹತ್ತಿರದವರೆಗೂ ನಾನೇ ಚಕ್ರ ತಿರುಗಿಸಿಕೊಂಡು ಹೋದೆ. ಯಾರ ಕೈಯೂ ತಾಗಲಿಲ್ಲ. ನಿನಗೆ ಹೇಗೆ ಹೇಳಲಿ, ಅಲ್ಲೇ ಕೂತು ಅತ್ತುಬಿಟ್ಟೆ.

ಒಂದು ವಿಷಯ ಫೋನಲ್ಲಿ ಮುಚ್ಚಿಟ್ಟಿದ್ದೆ. ಬರುವಾಗ ವಿಮಾನದ ಸರಕಿನ ಜೊತೆ ಹಾಕಿದ್ದ ಕುರ್ಚಿಯ ಕಾಲಿಡುವ ಪಟ್ಟಿ ಮುರಿದಿತ್ತು. ಎರಡು ದಿನ ಕೋಣೆ ಬಿಟ್ಟು ಕದಲಲಿಲ್ಲ. ಜನರಿಗೆ ಅದು ಸಾಮಾನು, ನನಗೆ ಕಾಲು ಅಲ್ವಾ? ವಾಪಸ್ ಬರುವಾಗಲೂ ಅದೇ ಭಯ. ಅಣ್ಣನಿಗೆ ಹೇಳು, ಅಟ್ಟದ ಮೇಲಿನ ಹಳೇ ಕುರ್ಚಿ ಇಳಿಸಿ, ಚಕ್ರಕ್ಕೆ ಗಾಳಿ ಹಾಕಿಸಿ, ಬೆಂಗಳೂರಿಗೆ ಕಾರಿನಲ್ಲಿ ತರಲಿ.

ನಿನ್ನ ಮಗಳು