ಎಮ್ಮೆಗೆ ಟಿಕೆಟ್ ಎಷ್ಟು? ಕಂಡಕ್ಟರ್ ಗೆಳೆಯನಿಗೊಂದು ಪತ್ರ

ಲೋ ಶಿವು,

ಫೋನ್ ಮಾಡಿದರೆ "ಡ್ಯೂಟೀಲಿದೀನಿ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ಆ ಆಮೇಲೆಗೆ ಈಗ ಮೂರು ತಿಂಗಳು. ಅದಕ್ಕೇ ಇಲ್ಲಿ, ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದರೆ ಮಾತ್ರ ನೀನು ಬಾಯಿ ಬಿಡೋದು ಅಂತ ಕೋಳಿ ಪ್ರಕರಣದಲ್ಲೇ ಗೊತ್ತಾಯಿತಲ್ಲ. (ಓದುತ್ತಿರುವ ಉಳಿದವರು ದಯವಿಟ್ಟು ಕೋಳಿ ಬಗ್ಗೆ ಕೇಳಬೇಡಿ. ಅವನಿಗೆ ಹೆಂಡತಿ ಮಕ್ಕಳಿದ್ದಾರೆ.)

ವಿಷಯ ಇಷ್ಟೇ. ಮತ್ತೆ ಶಾಲೆಗೆ ಹೋಗಿದ್ದೆ. ಹೆಗ್ಗಡದೇವನಕೋಟೆ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ಕ್ಲಾಸು, 31 ಮಕ್ಕಳು, ಇಬ್ಬರು ಮೇಷ್ಟ್ರು. ಬ್ಯಾಗಿಲ್ಲದ ಶನಿವಾರ. ಹಲಗೆ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ 'ಕಥಾ ಕಮ್ಮಟ' ಅಂತ ಬರೆದು ಸುತ್ತ ಬಳ್ಳಿ ಬಿಡಿಸಿದ್ದರು. ನನ್ನ ಹೆಸರಿನ ಹಿಂದೆ 'ಖ್ಯಾತ ಸಾಹಿತಿಗಳು'. ಹೆಡ್ಮಾಸ್ಟರು ನನ್ನ ಪರಿಚಯ ಓದಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ, ಅಯ್ಯೋ ಅಷ್ಟೆಲ್ಲ ಏನಿಲ್ಲ ಅನ್ನೋ ಮುಖ ಮಾಡಿಕೊಂಡು ಕೂತಿದ್ದೆ. ಹಿಂದಿನ ರಾತ್ರಿ ಆ ಪರಿಚಯ ಬರೆದು ವಾಟ್ಸಾಪ್ ಮಾಡಿದವನು ನಾನೇ ಕಣೋ.

ನಮ್ಮ ಶಾಲೆಗೆ ಯಾವ ಸಾಹಿತಿ ಬಂದಿದ್ದ ಹೇಳು? ಬರುತ್ತಿದ್ದವರು ಇಬ್ಬರೇ. ಇನ್‌ಸ್ಪೆಕ್ಟರು, ಇಲ್ಲಾ ಚುಚ್ಚುಮದ್ದಿನವರು. ಇಬ್ಬರು ಬಂದಾಗಲೂ ನೀನು ಹಿಂದಿನ ಕಿಟಕಿಯಿಂದ ಹಾರುತ್ತಿದ್ದೆ. ಸಾಹಿತಿಗಳು ಅಂದರೆ ಗೋಡೆ ಮೇಲಿನ ಫೋಟೋ, ಅಂದರೆ ಸತ್ತವರು ಅಂತಲೇ ನಾವು ತಿಳಿದಿದ್ದೆವು. ಶಿವರಾಮ ಕಾರಂತರು ಆಗ ಬದುಕಿದ್ದರು. ಓಡಾಡಿಕೊಂಡೇ ಇದ್ದರು. ನಮಗೆ ಯಾರೂ ಹೇಳಲೇ ಇಲ್ಲ. ಅವರು ತೀರಿಕೊಂಡಿದ್ದು 1997ರಲ್ಲಿ. ಆ ದಿನ ಶಾಲೆಗೆ ರಜಾ ಅಂದಾಗಲೇ ನೀನು "ಓ, ಇಷ್ಟು ದಿನ ಇದ್ರಾ?" ಅಂದದ್ದು.

ಹಾಗಾಗಿ ನನ್ನದು ಒಂದೇ ಹಟ. ಬರೆಯುವವನೂ ಬಸ್ಸಲ್ಲಿ ಬರುತ್ತಾನೆ, ಚಪ್ಪಲಿ ಹೊರಗೆ ಬಿಡುತ್ತಾನೆ, ಕೆಮ್ಮುತ್ತಾನೆ ಅಂತ ಮಕ್ಕಳು ನೋಡಬೇಕು. ಈ ಶಾಲೆಯ ಗೋಡೆಯಲ್ಲೂ ಎಂಟು ಜ್ಞಾನಪೀಠದವರ ಪಟ ಇತ್ತು. ಒಬ್ಬ ಹುಡುಗ ಪಟ ನೋಡಿದ, ನನ್ನ ನೋಡಿದ, ಮತ್ತೆ ಪಟ ನೋಡಿದ. "ನೀವು ಇದರಲ್ಲಿ ಇಲ್ವಲ್ಲ ಸಾ" ಅಂದ. ಇಲ್ಲಪ್ಪ ಅಂದೆ. ಬೇರೆ ಏನು ಹೇಳಲಿ?

ನಲಿಕಲಿ, ಅದೇ ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ಪದ್ಧತಿ, ಹುಟ್ಟಿದ್ದು ಇದೇ ತಾಲ್ಲೂಕಿನಲ್ಲಿ, ಗೊತ್ತಾ? 1995ರಲ್ಲಿ ಇಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿಕೊಂಡು ಬಂದರು. ಬಂದು ತಾವೇ ಕೂತು ಕಲಿಕಾ ಕಾರ್ಡು ಮಾಡಿದರು. ರಾಜ್ಯಕ್ಕೆಲ್ಲ ಹಬ್ಬಿದ್ದು ಆಮೇಲೆ. ಈ ಶಾಲೆಯ ನಲಿಕಲಿ ಕೋಣೆಗೆ ಕಾಲಿಟ್ಟರೆ ಈಗಲೂ ಖುಷಿಯಾಗುತ್ತೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ನೆಲದ ಮೇಲೆ. ತಲೆ ಮೇಲೆ ದಾರದ ಚಪ್ಪರ, ಅದರ ತುಂಬ ಅವರೇ ಬಿಡಿಸಿದ ಚಿತ್ರ, ಕತ್ತರಿಸಿದ ಕಾಗದ. ಪಕ್ಕದ ಕೋಣೆಗೆ, ನಾಲ್ಕು ಐದನೇ ಕ್ಲಾಸಿಗೆ ಬಂದರೆ ಚಪ್ಪರ ಇಲ್ಲ. ಡೆಸ್ಕು ಬಂದಿದೆ. ಒಂದು ಕಥೆ ಬರೆಯಿರಿ ಅಂದೆ. ಹೆಚ್ಚುಕಮ್ಮಿ ಎಲ್ಲರೂ 'ಒಂದಾನೊಂದು ಊರಿನಲ್ಲಿ' ಅಂತ ಶುರುಮಾಡಿ, ಐದನೇ ಸಾಲಿಗೆ 'ನೀತಿ:' ಅಂತ ಹಾಕಿ ಕೈ ಕಟ್ಟಿ ಕೂತರು. ಒಬ್ಬಳು ನೀತಿಯನ್ನೇ ಮೊದಲು ಬರೆದಿದ್ದಳು. ಕಥೆಗೆ ಜಾಗ ಉಳಿದಿರಲಿಲ್ಲ.

ಸರಿ, ನನ್ನ ಅಸ್ತ್ರ ತೆಗೆದೆ. ಹತ್ತು ಶಾಲೆಯಲ್ಲಿ ಗೆದ್ದ ಅಸ್ತ್ರ. ಹಲಗೆ ಮೇಲೆ ಛತ್ರಿ ಹಿಡಿದ ಆನೆ ಬಿಡಿಸಿ, "ಈ ಆನೆ ಏನು ಹೇಳ್ತಿದೆ?" ಅಂತ ಕೇಳಿದೆ. ಬೆಂಗಳೂರಿನಲ್ಲಿ ಇದಕ್ಕೆ ನಲವತ್ತು ಕೈ ಏಳುತ್ತೆ. ಇಲ್ಲಿ ಒಂದೂ ಇಲ್ಲ. ಕೊನೆಗೆ ಒಬ್ಬಳು ಎದ್ದು ನನ್ನ ಮೇಲೆ ಕನಿಕರ ತೋರಿಸುವ ಹಾಗೆ ಹೇಳಿದಳು: "ಆನೆ ಏನೂ ಹೇಳಲ್ಲ ಸಾ. ಬಾಳೆ ತಿಂತದೆ. ಪಟಾಕಿ ಹೊಡೀಬೇಕು."

ನಾಗರಹೊಳೆ ಕಾಡು ಕೂಗಳತೆಯಲ್ಲಿದೆ ಮಾರಾಯ. ಕಂದಕ ತೋಡಿದ್ದಾರೆ, ಸೋಲಾರ್ ತಂತಿ ಎಳೆದಿದ್ದಾರೆ, ಆದರೂ ರಾಗಿ ಕೊಯ್ಲಿಗೆ ಮೊದಲು ಅವಳಪ್ಪ ರಾತ್ರಿಯಿಡೀ ಅಟ್ಟಣೆ ಮೇಲೆ ಕೂತು ಕಾಯಬೇಕು. ನಾನು ಅವಳ ಮುಂದೆ ಛತ್ರಿ ಹಿಡಿದ ಆನೆ ನಿಲ್ಲಿಸಿ ಕಲ್ಪನೆ ಮಾಡು ಅಂತಿದ್ದೇನೆ. ಡಸ್ಟರ್ ತಗೊಂಡು ಸುಮ್ನೆ ಒರೆಸಿದೆ.

ಆಮೇಲೆ ಪ್ರಶ್ನೆ ಕೇಳುವ ಹೊತ್ತು. ಮಾಮೂಲಿಯವೇ ಬಂದವು. ಕತೆ ಬರೆದರೆ ದುಡ್ಡು ಕೊಡ್ತಾರಾ, ಎಷ್ಟು, ನಿಮಗೆ ಬೇರೆ ಕೆಲಸ ಇಲ್ವಾ. ಆಗ ಫೋಟೋದ ಹುಡುಗ ಎದ್ದ. "ಈಗ ಯಾವ ಕತೆ ಬರೀತಿದೀರಿ ಸಾ?"

ಸುಳ್ಳು ಹೇಳಿದೆ. ಕಿಟಕಿ ಆಚೆ ಒಂದು ಎಮ್ಮೆ ನಿಂತಿತ್ತು. "ಒಂದು ಎಮ್ಮೆ ಕತೆ. ಅದು ಬಸ್ ಹತ್ತಿ ಮೈಸೂರಿಗೆ ಹೊರಟಿದೆ" ಅಂದೆ.

ಅಷ್ಟೇ ನೋಡು. ಡೆಸ್ಕು ಬಿಟ್ಟು ಎಲ್ಲ ಎದ್ದರು. ಟಿಕೆಟ್ ಎಷ್ಟು ಅಂತ ಒಬ್ಬ. "ಎಮ್ಮೆ ಹೆಂಗಸಲ್ವಾ, ಫ್ರೀ" ಅಂತ ಇನ್ನೊಬ್ಬಳು. ಫ್ರೀ ಆದರೆ ಆಧಾರ್ ಕಾರ್ಡ್ ತೋರಿಸಬೇಕು ಅಂತ ಗಲಾಟೆ. "ಕಿವೀಲಿ ಹಳದಿ ಓಲೆ ಅದಲ್ಲ, ಅದರ ಮೇಲೆ ನಂಬರ್ ಅದೆ, ಅದೇ ಆಧಾರ್!" ನಾನು ಆಮೇಲೆ ವಿಚಾರಿಸಿದೆ. ದನದ ಕಿವಿ ಓಲೆಯ ಮೇಲೂ 12 ಅಂಕಿ, ಆಧಾರಿನಲ್ಲೂ 12. ನನ್ನ ಹತ್ತು ಕಮ್ಮಟ ಒಟ್ಟು ಹಾಕಿದರೂ ಇಂಥ ಒಂದು ಸಾಲು ಹುಟ್ಟಿಲ್ಲ.

ಎಮ್ಮೆ ಮೈಸೂರಿಗೆ ಯಾಕೆ ಹೋಗುತ್ತೆ ಅಂತ ಯಾರೋ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅರಮನೆ ನೋಡಲು ಅನ್ನೋಣ ಅಂತಿದ್ದೆ. ಅಷ್ಟರಲ್ಲಿ ಬಾಗಿಲ ಹತ್ತಿರ ಕೂತಿದ್ದ ಒಂದು ಹುಡುಗಿ, ಅಲ್ಲಿವರೆಗೆ ಬಾಯೇ ತೆರೆದಿರಲಿಲ್ಲ, ಆದಿವಾಸಿ ಹಾಡಿಯಿಂದ ಬರುತ್ತಾಳಂತೆ, ಮೆಲ್ಲಗೆ ಅಂದಳು. "ಅದರ ಕರು ಮಾರ್ಬುಟ್ರಲ್ಲ. ಅದ ನೋಡಕ್ಕೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬೆಲ್ ಆಯಿತು.

ಕತೆ ಮುಗಿದ ಮೇಲೆ ಕಳಿಸ್ತೀನಿ ಅಂತ ಹೇಳಿ ಬಂದೆ. ಎರಡು ತಿಂಗಳಿಗೆ ಒಂದು ಕವರ್ ಬಂತು. ಒಳಗೆ 17 ಅಂಚೆ ಕಾರ್ಡು. 50 ಪೈಸೆಯವು. ಹೆಡ್ಮಾಸ್ಟರು ಬಿಟ್ಟರೆ ಅಲ್ಲಿರುವ ಇನ್ನೊಬ್ಬರು, ಆ ಚಿಕ್ಕ ಮೇಷ್ಟ್ರು, ಕೂರಿಸಿ ಬರೆಸಿದ್ದಾರೆ. ನಿಜವಾದ ಕಮ್ಮಟ ನಡೆಸಿದವರು ಅವರೇ, ನಾನು ಬರೀ ಊಟ ಮಾಡಿಕೊಂಡು ಬಂದವನು. ಒಂದರಲ್ಲಿ ಕೆಂಪು ಬಸ್ಸಿನ ಕಿಟಕಿಯಿಂದ ಎರಡು ಕೊಂಬು ಹೊರಗೆ ಬಂದಿವೆ. ಒಂದರಲ್ಲಿ ಕಂಡಕ್ಟರ್ ಮೀಸೆ ಥೇಟ್ ನಿನ್ನದೇ. ಕೊನೆಯ ಕಾರ್ಡಿನಲ್ಲಿ ನಮಸ್ಕಾರ ಇಲ್ಲ, ಹೆಸರಿಲ್ಲ. ಎರಡೇ ಪದ. 'ಕರು ಸಿಕ್ತಾ'.

ಆ ಕಾರ್ಡುಗಳು 19 ದಿನದಿಂದ ನನ್ನ ಮೇಜಿನ ಡ್ರಾಯರಿನಲ್ಲಿವೆ. ಎಮ್ಮೆ ಕತೆ ಇಲ್ಲ ಕಣೋ. ಯಾವ ಕತೆಯೂ ಇಲ್ಲ. ನನ್ನ ಕೊನೆಯ ಪುಸ್ತಕ ಬಂದಿದ್ದು 2020ರ ಮಾರ್ಚ್‌ನಲ್ಲಿ. ಅದೇ ತಿಂಗಳು ಲಾಕ್‌ಡೌನ್. ಬಿಡುಗಡೆ ನಿಂತಿತು, ಅಂಗಡಿ ಮುಚ್ಚಿದವು ಅಂತ ಎಲ್ಲರ ಹತ್ತಿರ ಅತ್ತೆ. ಅಂಗಡಿ ತೆರೆದು ಎಷ್ಟು ಕಾಲವಾಯಿತು! ನಾನು ಮಾತ್ರ ತೆರೆದಿಲ್ಲ. ಮಕ್ಕಳಿಗೆ ಸ್ಫೂರ್ತಿ ಕೊಡಕ್ಕೆ ಹೋಗ್ತೀನಿ ಅಂತ ಮನೆಯಲ್ಲಿ ಹೇಳಿ ಹೊರಡುತ್ತೇನೆ. ನಿಜ ಹೇಳಲಾ? ಈಗ ನನ್ನನ್ನು ಸಾಹಿತಿ ಅಂತ ಕರೆಯುವವರು ಆ ಮಕ್ಕಳು ಮಾತ್ರ. ಅದಕ್ಕೇ ಹೋಗುತ್ತೇನೆ. "ತಪ್ಪಾದರೂ ಪರವಾಗಿಲ್ಲ, ಹೆದರದೆ ಬರೆಯಿರಿ" ಅಂತ ಹೇಳಿ ಬಂದು, ರಾತ್ರಿ ಖಾಲಿ ಹಾಳೆ ನೋಡಿ ದೀಪ ಆರಿಸುತ್ತೇನೆ.

ಇನ್ನೂ ಒಂದಿದೆ. ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲೇ ನೋಟ್‌ಬುಕ್ ತೆಗೆದು ಕರುವಿನ ಮಾತು ಬರೆದುಕೊಂಡೆ. ಮರೆಯಬಾರದು ಅಂತ. ಪಕ್ಕದಲ್ಲಿ ಆ ಹುಡುಗಿಯ ಹೆಸರು ಬರೆಯಲಿಲ್ಲ. ಬರೆಯಲು ಗೊತ್ತಿರಬೇಕಲ್ಲ. ನಾನು ಕೇಳಿಯೇ ಇರಲಿಲ್ಲ. ಮನೆಗೆ ಬರುವ ಹೊತ್ತಿಗೆ ಅದು ನನ್ನ ಸಾಲೇ ಅನ್ನಿಸತೊಡಗಿತ್ತು.

ಥೂ, ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ಇವತ್ತು ಕಾಫಿ ಜಾಸ್ತಿ ಆಯಿತು, ಅದರ ಪರಿಣಾಮ. ಓದುತ್ತಿರುವವರು ಮೇಲಿನ ಎರಡು ಪ್ಯಾರಾ ಬಿಟ್ಟು ಓದಿ. ನನ್ನ ಪ್ರಕಾಶಕರಂತೂ ಖಂಡಿತ ಬಿಟ್ಟು ಓದಲಿ. ಮತ್ತೆ ನೀನು "ಅಳಬೇಡ್ವೋ, ಮೂರನೇ ಇಡ್ಲಿ ತಿನ್ನು" ಅಂತ ಶುರುಮಾಡಬೇಡ.

ನಿನ್ನಿಂದ ಒಂದು ಕೆಲಸ ಆಗಬೇಕು. ಚಿಕ್ಕ ಮೇಷ್ಟ್ರಿಗೆ ಫೋನ್ ಮಾಡಿ ಆ ಹುಡುಗಿಯ ಹೆಸರು ಕೇಳಿದ್ದೇನೆ, ಹೇಳಿದರು. ಈ ಶನಿವಾರ ಮತ್ತೆ ಹೋಗುತ್ತಿದ್ದೇನೆ. ಈ ಸಲ ಪರಿಚಯ ಕಳಿಸಿಲ್ಲ. ಎಮ್ಮೆಯನ್ನು ಹೇಗೋ ಬಸ್ ಸ್ಟ್ಯಾಂಡ್‌ವರೆಗೆ ತಂದು ನಿಲ್ಲಿಸಿದ್ದೇನೆ, ಒಂದೂವರೆ ಪುಟ ಆಗಿದೆ. ಅಲ್ಲಿಂದ ಮುಂದಕ್ಕೆ ಹೋಗುತ್ತಿಲ್ಲ, ಬಾಗಿಲಲ್ಲಿ ಕಂಡಕ್ಟರ್ ಅಡ್ಡ ನಿಂತಿದ್ದಾನೆ. ಹಿರಿಯ ಸಿಬ್ಬಂದಿಯಾಗಿ ನೀನೇ ಹೇಳು. ಕಿವಿ ಓಲೆ ನೋಡಿ ಜೀರೋ ಟಿಕೆಟ್ ಕೊಡಬಹುದಾ, ಇಲ್ಲಾ ಲಗೇಜ್ ಹಾಕ್ತೀಯಾ? ವಾಪಸ್ ಬರುವಾಗ ಜೊತೆಗೆ ಕರುವೂ ಇರುತ್ತೆ, ಅದನ್ನೂ ಸೇರಿಸಿ ಹೇಳು.

ಶುಕ್ರವಾರದೊಳಗೆ. ಇಲ್ಲದಿದ್ದರೆ ಕೋಳಿ ಕತೆ ಬರೆಯುತ್ತೇನೆ.

ನಿನ್ನ,
'ಖ್ಯಾತ ಸಾಹಿತಿಗಳು'